ಕತ್ತು ತಿರುಗಿಸಿದ ನವಿಲು

ಮೂರು ದಿನದಿಂದ ಆ ಹುಡುಗಿ ಎದುರಿನ ಫುಟ್‌ಪಾತಿನಲ್ಲಿ ನಿಂತು ಕೆಂಪರಾಜನನ್ನೇ ನೋಡುತ್ತಿದ್ದಳು.

ಹಾಗೆಂದು ಅವನು ಅಂದುಕೊಂಡಿದ್ದ. ಹಲಸೂರಿನ ಬಜಾರ್ ಸ್ಟ್ರೀಟಿನಲ್ಲಿ ಅವನದೊಂದು ಪೇಂಟ್ ಅಂಗಡಿ, ಅದರ ಮೇಲೆ ಮನೆ. ಮಧ್ಯಾಹ್ನ ಊಟ ಮುಗಿಸಿ ಬಾಲ್ಕನಿಯಲ್ಲಿ ಐದು ನಿಮಿಷ ನಿಲ್ಲುವುದು ಅವನ ವಾಡಿಕೆ. ಅವಳೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತಿದ್ದಳು. ಸ್ಕೂಟಿ ನಿಲ್ಲಿಸಿ, ತಲೆಯೆತ್ತಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ತುಟಿಯ ಒಂದು ಕೊನೆಯಲ್ಲಿ ನಗು ಬಂದು ಹೋಗುತ್ತಿತ್ತು. ಆಮೇಲೆ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದಳು.

ಎರಡನೆಯ ದಿನ ಅವನು ತಲೆ ಬಾಚಿಕೊಂಡು ಬಂದು ನಿಂತ. ಮೂರನೆಯ ದಿನ ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿದ.

"ಯಾರ್ ಮದ್ವೆಗೋ ಹೊರಟಿದ್ದೀಯಾ?" ಎಂದರು ಒಳಗಿನಿಂದ ತಾಯಿ ಜಟ್ಟೆಮ್ಮ.

ಅವನು ಮೆಟ್ಟಿಲಿಳಿದು, ರಸ್ತೆ ದಾಟಿ, ಅವಳ ಮುಂದೆ ಹೋಗಿ ನಿಂತ.

"ಏನ್ರೀ, ಮೂರು ದಿನದಿಂದ ನೋಡ್ತಾನೇ ಇದ್ದೀರಾ. ಏನಾದ್ರೂ ಹೇಳ್ಬೇಕಾಗಿತ್ತಾ?"

ಅವಳು ಗಾಬರಿಯಾದಳು. "ಅಯ್ಯೋ, ಸಾರಿ. ಹೇಳ್ಬೇಕು ಅಂತಾನೇ ಇದ್ದೆ. ನೀವು ಸ್ವಲ್ಪ ಎಡಗಡೆ ನಿಂತ್ಕೊಳ್ಳೋಕಾಗುತ್ತಾ? ದಿನಾ ನವಿಲಿಗೆ ಅಡ್ಡ ಬರ್ತೀರಾ."

ಕೆಂಪರಾಜ ತಿರುಗಿ ತನ್ನ ಮನೆಯನ್ನು ನೋಡಿದ. ಬಾಲ್ಕನಿಯ ಬಾಗಿಲಿನ ಎರಡೂ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಸಿಮೆಂಟಿನ ನವಿಲುಗಳು. ಬಾಗಿಲ ನೆತ್ತಿಯಲ್ಲಿ ಸಿಮೆಂಟಿನ ದ್ರಾಕ್ಷಿ ಬಳ್ಳಿ, ಬಳ್ಳಿಯ ನಡುವೆ ಉಬ್ಬಿದ ಅಕ್ಷರಗಳಲ್ಲಿ ಪಟಾಲಮ್ಮ ನಿಲಯ, 1954. ಅವನ ಕಿವಿಯಿಂದ ಕತ್ತಿನವರೆಗೂ ಬಿಸಿಯೇರಿತು.

ಅವಳು ಅವನ ಬಾಚಿದ ತಲೆಯನ್ನೂ ಇಸ್ತ್ರಿಯ ಗೆರೆಯನ್ನೂ ನೋಡಿದಳು. "ನೀವು... ನಾನು ನಿಮ್ಮನ್ನ ನೋಡ್ತಿದ್ದೀನಿ ಅಂದ್ಕೊಂಡ್ರಾ?"

"ಛೆ ಛೆ, ಇಲ್ಲಾರೀ. ಕಾರ್ಪೊರೇಷನ್ನೋರೇನೋ ಅಂತ..."

"ಕಾರ್ಪೊರೇಷನ್ನೋರು ಬಂದ್ರೆ ಸೆಂಟ್ ಹಾಕ್ಕೋತೀರಾ?"

ಅವಳು ನಕ್ಕಳು. ಅವನಿಗೆ ನೆಲ ಬಿರಿದು ಒಳಗೆ ಸೇರಿಕೊಳ್ಳೋಣ ಅನ್ನಿಸಿತು. ಆದರೂ ಆ ನಗು ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದೂ ಅನ್ನಿಸಿತು.

ಅವಳ ಹೆಸರು ಯಮುನಾ. ಬಾಣಸವಾಡಿಯ ರಾಮಾಂಜಿನಪ್ಪನವರ ಮಗಳು. ಇಂದಿರಾನಗರದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. "ದಿನವೆಲ್ಲ ಗ್ಲಾಸ್ ಡಬ್ಬಿ ಬರೀತೀನಿ. ಲಂಚ್ ಟೈಮಲ್ಲಿ ಕಣ್ಣು ತೊಳ್ಕೊಳ್ಳೋಕೆ ಇಂಥದ್ದು ಬರೀತೀನಿ," ಎನ್ನುತ್ತ ಪುಸ್ತಕ ತೋರಿಸಿದಳು.

ಅದರಲ್ಲಿ ಅವನ ಮನೆಯ ಬಲಗಡೆಯ ನವಿಲಿತ್ತು. ಮೂವತ್ತೆರಡು ವರ್ಷ ಅದರ ಪಕ್ಕದಲ್ಲೇ ಬೆಳೆದವನು ಅದನ್ನು ಅವತ್ತೇ ಮೊದಲ ಸಲ ನೋಡಿದಂತಾಯಿತು.

"ಎಡಗಡೇದು ಎಲ್ಲಾ ನವಿಲಿನ ಥರಾನೇ ರಸ್ತೆ ನೋಡ್ತಿದೆ," ಎಂದಳು ಯಮುನಾ. "ಇದು ಮಾತ್ರ ಕತ್ತು ತಿರುಗಿಸಿ ಮನೆ ಒಳಗೆ ನೋಡ್ತಿದೆ. ಯಾರೋ ಕರೆದ ಹಾಗೆ. ಇಂಥದ್ದು ನಾನು ಬೆಂಗಳೂರಲ್ಲಿ ಎಲ್ಲೂ ನೋಡಿಲ್ಲ."

ಕೆಂಪರಾಜನ ಅಪ್ಪ ಇದ್ದಾಗ ಪ್ರತಿ ಯುಗಾದಿಗೂ ಅಂಗಡಿಯಲ್ಲಿ ಮಿಕ್ಕ ಎನಾಮಲ್ ಪೇಂಟಿನಿಂದ ಆ ನವಿಲುಗಳಿಗೆ ನೀಲಿ, ಹಸಿರು ಬಳಿಯುತ್ತಿದ್ದರು. ಕಾಲೇಜಿನಲ್ಲಿ ಇಂದಿರಾನಗರದ ಗೆಳೆಯರು ಅವನನ್ನು "ನವಿಲು" ಎಂದೇ ಕರೆಯುತ್ತಿದ್ದರು. ಅವರು ಬೈಕಿನಲ್ಲಿ ಬಿಡಲು ಬಂದರೆ ಮನೆಗೆ ಇನ್ನೂ ಒಂದು ಫರ್ಲಾಂಗ್ ಇರುವಾಗಲೇ ಇಳಿದುಬಿಡುತ್ತಿದ್ದ.

ಈಗ, 2003ರಲ್ಲಿ, ಅಂಗಡಿಯ ವ್ಯಾಪಾರ ಇಳಿದಿತ್ತು. ಒಂದು ಮೊಬೈಲ್ ಕಂಪನಿಯ ಶೋರೂಮಿನವರು ಕೆಳಗಿನ ಅಂಗಡಿಯನ್ನು ಬಾಡಿಗೆಗೆ ಕೇಳಿದ್ದರು. ಕೆಳಗಿನಿಂದ ಮೇಲಿನವರೆಗೂ ನುಣ್ಣನೆಯ ಗಾಜಿನ ಮುಖ ಬೇಕು ಎಂದಿದ್ದರು. ಕೆಂಪರಾಜ ಹೋದ ತಿಂಗಳೇ ಸಹಿ ಹಾಕಿದ್ದ. ನಿಜ ಹೇಳಬೇಕೆಂದರೆ, ನವಿಲುಗಳು ಹೋಗುತ್ತವೆ ಎಂದು ಅವನಿಗೆ ಒಳಗೊಳಗೇ ಹಾಯೆನ್ನಿಸಿತ್ತು.

ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. "ನಾಳೆ ಬಂದ್ರೆ ಎಡಗಡೆ ನಿಂತ್ಕೋತೀನಿ," ಎಂದ.

ಮರುದಿನ ಅವಳು ಬಂದಳು. ಆ ಭಾನುವಾರವೂ ಬಂದಳು, ಸ್ಕೂಟಿಯ ಹಿಂದಿನ ಸೀಟು ತಟ್ಟಿ, "ಹತ್ತಿ. ನಿಮ್ಮ ನವಿಲಿನ ನೆಂಟರನ್ನ ತೋರಿಸ್ತೀನಿ," ಎಂದಳು.

"ಹುಡುಗಿ ಗಾಡಿ ಓಡಿಸ್ತಿದ್ರೆ ನಾನು ಹಿಂದೆ ಕೂರೋದಾ? ಹಲಸೂರೆಲ್ಲಾ ನೋಡುತ್ತೆ."

"ಹಲಸೂರಿಗೆ ತಲೆ ಎತ್ತಿ ನೋಡೋ ಅಭ್ಯಾಸ ಇದ್ದಿದ್ರೆ ನಂಗೆ ಈ ಕೆಲಸ ಇರ್ತಿರ್ಲಿಲ್ಲ. ಹತ್ತಿ."

ಹೀಗೆ ಶುರುವಾಯಿತು. ಶಿವಾಜಿನಗರದ ಒಂದು ಬಟ್ಟೆ ಅಂಗಡಿಯ ಬೋರ್ಡಿನ ಮೇಲೆ, ಯಾರೂ ನೋಡದ ಎತ್ತರದಲ್ಲಿ, ಸಾಲಾಗಿ ಏಳು ಆನೆಯ ತಲೆಗಳಿದ್ದವು, ಏಳನೆಯದಕ್ಕೆ ಮಾತ್ರ ಸೊಂಡಿಲು ಮೇಲೆ. ಫ್ರೇಜರ್ ಟೌನಿನ ಒಂದು ಮನೆಯ ಮಾಳಿಗೆಯ ಅಂಚಿನಲ್ಲಿ ಸಿಮೆಂಟಿನ ಸೂರ್ಯ ಹುಟ್ಟುತ್ತಿದ್ದ, ಅವನ ಕಿರಣಗಳ ಮೇಲೆ ಪಾರಿವಾಳಗಳು ಸಾಲುಗಟ್ಟಿ ಕೂತಿದ್ದವು. ಕೆ.ಆರ್. ಪುರದಲ್ಲಿ ಯಾರೋ ತಮ್ಮ ಮನೆಯ ನೆತ್ತಿಯ ಮೇಲೆ ಸಿಮೆಂಟಿನ ವಿಮಾನ ಇಡಿಸಿದ್ದರು, ಅದರ ಕಿಟಕಿಗಳಲ್ಲಿ ಪುಟ್ಟ ಪುಟ್ಟ ಮುಖಗಳೂ ಇದ್ದವು.

"ಇದನ್ನ ಮಾಡ್ದೋರು ವಿಮಾನ ನೋಡಿರ್ಲಿಲ್ಲ ಅನ್ಸುತ್ತೆ," ಎಂದ ಕೆಂಪರಾಜ. "ರೆಕ್ಕೆ ಮೀನಿನ ಥರ ಇದೆ."

"ಅದಕ್ಕೇ ಚೆನ್ನಾಗಿದೆ. ಆಸೆಯಿಂದ ಮಾಡಿದ್ದಾರೆ, ಫೋಟೋ ನೋಡ್ಕೊಂಡಲ್ಲ."

ಅವಳು ಬರೆಯುವಾಗ ಅವನು ಬಿಸಿಲಿಗೆ ಅಡ್ಡವಾಗಿ ನಿಲ್ಲುತ್ತಿದ್ದ. ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ ಅವಳು ಮೇಲೆ ನೋಡಿದಾಗ, ಗಲ್ಲದ ಕೆಳಗೆ ಒಂದು ಸಣ್ಣ ಮಚ್ಚೆ ಕಾಣುತ್ತಿತ್ತು. ಅವನು ಆನೆ, ಸೂರ್ಯ, ವಿಮಾನ ಎಲ್ಲವನ್ನೂ ಬಿಟ್ಟು ಅದನ್ನೇ ನೋಡುತ್ತಿದ್ದ. ಒಮ್ಮೆ ಅವಳು ಥಟ್ಟನೆ ತಿರುಗಿದಳು. ಅವನು ಗಾಬರಿಯಲ್ಲಿ ಪಕ್ಕದ ಲೈಟ್ ಕಂಬವನ್ನು ಮೆಚ್ಚುಗೆಯಿಂದ ನೋಡತೊಡಗಿದ.

"ಆ ಕಂಬ ಬೆಸ್ಕಾಂದು. ಅದರಲ್ಲಿ ಕಲೆ ಏನಿಲ್ಲ," ಎಂದಳು ಯಮುನಾ, ಪುಸ್ತಕದಿಂದ ಮುಖ ಮರೆಮಾಡಿಕೊಂಡು.

ಮೂರನೆಯ ಭಾನುವಾರ ಹಲಸೂರು ಕೆರೆಯ ಹತ್ತಿರ ಕಡಲೇಕಾಯಿ ತಿನ್ನುತ್ತ ಅವಳು ಕೇಳಿದಳು. "ನಿಮ್ಮ ಮನೇನ ಮುಂದೆ ಏನ್ಮಾಡ್ಬೇಕು ಅಂತಿದ್ದೀರಾ?"

ಅವನು ಕೈಯಲ್ಲಿದ್ದ ಕಡಲೇಕಾಯಿ ಬಿಡಿಸತೊಡಗಿದ. "ಏನೂ ಇಲ್ಲ. ಹಿಂಗೇ ಇರುತ್ತೆ."

ಅವಳು ಅವನ ಮುಖವನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ಕೆರೆಯ ಕಡೆ ತಿರುಗಿದಳು. ತಾನು ಸಿಕ್ಕಿಬಿದ್ದೆ ಎಂದುಕೊಂಡ. ಅವಳು ಇನ್ನೇನೂ ಕೇಳಲಿಲ್ಲ.

ಶೋರೂಮಿನವರು ಆ ಗುರುವಾರ ಕೆಲಸ ಶುರು ಮಾಡುತ್ತೇವೆ ಎಂದು ಫೋನ್ ಮಾಡಿದರು. ಕೆಂಪರಾಜ ಬೇಡ ಎನ್ನಬಹುದಿತ್ತು. ಸಹಿ ಆಗಿದೆ, ಮಾತು ಕೊಟ್ಟಾಗಿದೆ, ಒಂದು ಗೋಡೆಗೋಸ್ಕರ ಎಲ್ಲ ಬಿಡುವುದುಂಟೇ ಎಂದು ತನಗೆ ತಾನೇ ಹೇಳಿಕೊಂಡ. ಅವಳಿಗೆ ಆಮೇಲೆ ಹೇಗಾದರೂ ಹೇಳಿದರಾಯಿತು. ಅವತ್ತೊಂದು ದಿನ ಮಾತ್ರ ಅವಳು ಈ ರಸ್ತೆಗೆ ಬರಬಾರದು.

ನವಿಲು ಮಾಡಿದವರು ಯಾರೆಂದು ಯಮುನಾ ಹಲವು ಸಲ ಕೇಳಿದ್ದಳು. ಅವನು ತಾಯಿಯನ್ನು ಕೇಳಿದ.

"ಶಿವಾಜಿನಗರದ ಮಂಜೂರ್ ಮೇಸ್ತ್ರಿ," ಎಂದರು ಜಟ್ಟೆಮ್ಮ. "ಇನ್ನೂ ಇದ್ದಾರಂತೆ, ರಸೆಲ್ ಮಾರ್ಕೆಟ್ ಹಿಂದೆ. ಕಣ್ಣು ಹೋಗಿದೆಯಂತೆ ಪಾಪ."

ಅವನು ಯಮುನಾಗೆ ಫೋನ್ ಮಾಡಿದ. "ಗುರುವಾರ ರಜಾ ಹಾಕ್ತೀರಾ? ನಿಮಗೊಬ್ಬರನ್ನ ತೋರಿಸ್ಬೇಕು."

"ನವಿಲು ಮಾಡ್ದೋರಾ?" ಎಂದು ಅವಳು ಖುಷಿಯಿಂದ ಕೂಗಿಯೇಬಿಟ್ಟಳು. ಆ ಖುಷಿ ಅವನನ್ನು ಸುಟ್ಟಿತು.

ಗುರುವಾರ ಹನ್ನೊಂದೂವರೆಗೆ ಅವರಿಬ್ಬರೂ ಕಿರಿದಾದ ಮೆಟ್ಟಿಲು ಹತ್ತಿ ಮಂಜೂರ್ ಸಾಬರ ಕೋಣೆಗೆ ಬಂದರು. ಎಪ್ಪತ್ತು ವರ್ಷದ ಮುದುಕ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಮೊಮ್ಮಗಳು ಸಾಮಿಯಾ ಚಹಾ ತಂದಿಟ್ಟಳು.

"ಹಲಸೂರು ಪಟಾಲಮ್ಮನೋರ ಮೊಮ್ಮಗನಾ? ಬಾ ಬೇಟಾ, ಹತ್ರ ಬಾ." ಅವನ ಕೈ ಹಿಡಿದುಕೊಂಡರು. ಆ ಬೆರಳುಗಳು ಸುಣ್ಣ, ಸಿಮೆಂಟು ತಿಂದು ತಿಂದು ತೊಗಟೆಯ ಹಾಗಾಗಿದ್ದವು. "ಆಗ ನಂಗೆ ಇಪ್ಪತ್ತೊಂದು. ಉಸ್ತಾದ್ ಇಲ್ದೆ ನಾನೊಬ್ನೇ ಮಾಡಿದ ಮೊದಲ್ನೇ ಕೆಲಸ ಅದು. ಎಡಗಡೆ ನವಿಲು ಚೆನ್ನಾಗಿ ಬಂತು. ಬಲಗಡೇದು ಮಾಡೋವಾಗ ಬಿಸಿಲು ಜಾಸ್ತಿ, ಸಿಮೆಂಟು ಬೇಗ ಬಿಗೀತು. ನನ್ನ ಕೈ ಓಡ್ಲಿಲ್ಲ. ಕತ್ತು ತಿರುಗ್ಕೊಂಡ್‌ಬಿಡ್ತು."

ಯಮುನಾ ಚಹಾದ ಲೋಟ ಕೆಳಗಿಟ್ಟಳು.

"ಒಡೆದು ಹೊಸದು ಮಾಡ್ತೀನಿ ಅಂದೆ. ನಿಮ್ಮಜ್ಜಿ ಬಿಡ್ಲಿಲ್ಲ. 'ಇರ್ಲಿ ಬಿಡು ಮಗಾ, ಒಂದಾದ್ರೂ ಮನೆ ಕಡೆ ನೋಡ್ಕೊಂಡಿರ್ಲಿ' ಅಂದ್ರು. ಆದ್ರೆ ನಂಗೆ ನಾಚ್ಕೆ. ಯಾರಾದ್ರೂ ನೋಡಿ, ಇದು ಮಂಜೂರ್ ಕೈ ಅಂದ್ಬಿಟ್ರೆ? ಕಣ್ಣಿದ್ದಷ್ಟು ದಿನ ನಾನು ಆ ರೋಡಲ್ಲಿ ಹೋಗ್ಲೇ ಇಲ್ಲ ಬೇಟಾ. ಸುತ್ತು ಹಾಕ್ಕೊಂಡು ಹೋಗ್ತಿದ್ದೆ."

"ಸಾಬ್ರೇ," ಎಂದಳು ಯಮುನಾ. ಅವಳ ದನಿ ಒಡೆದಿತ್ತು. "ನಾನು ದಿನಾ ಬಂದು ನಿಂತು ನೋಡ್ತಿದ್ದಿದ್ದು ಅದನ್ನೇ. ಇನ್ನೊಂದನ್ನಲ್ಲ. ನಾನು ಬರ್ಕೊಂಡಿರೋದೂ ಅದೇ."

ಮುದುಕನ ಮುಖ ಅವಳ ದನಿಯ ಕಡೆ ತಿರುಗಿತು. ಕೆಂಪರಾಜನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು ಕೇಳಿದರು.

"ಇನ್ನೂ ಇದೆಯಾ ಅದು?"

ಕೆಲಸದವರು ಹತ್ತು ಗಂಟೆಗೇ ಉಳಿ, ಸುತ್ತಿಗೆ ಹಿಡಿದು ಹತ್ತಿದ್ದರು. ಅವರಿಗೆ ಏಣಿ ಕೊಟ್ಟವನೇ ಅವನು.

"ಇದೆ ಸಾಬ್ರೇ," ಎಂದ ಕೆಂಪರಾಜ.

"ನಾಳೆ ನನ್ನ ಕರ್ಕೊಂಡ್ ಹೋಗು. ಕಣ್ಣಿಲ್ದಿದ್ರೂ ಕೈ ಇದೆಯಲ್ಲ. ಒಂದ್ಸಲ ಮುಟ್ಟಿ ನೋಡ್ತೀನಿ."

"ಕರ್ಕೊಂಡ್ ಹೋಗ್ತೀನಿ."

ಕೆಳಗೆ ಬಂದವನೇ ಮೊಬೈಲ್ ತೆಗೆದು ಒಂದು ಮೂಲೆಗೆ ಹೋಗಿ ತಾಯಿಗೆ ಫೋನ್ ಮಾಡಿದ.

"ಬಲಗಡೇದು ಆಯ್ತು ಕಣೋ," ಎಂದರು ಜಟ್ಟೆಮ್ಮ. "ಧೂಳು ಅಂದ್ರೆ ಧೂಳು. ಈಗ ಟೀ ಕುಡೀತಿದ್ದಾರೆ."

"ನಿಲ್ಸೋಕೆ ಹೇಳಮ್ಮ. ಇನ್ನೊಂದನ್ನ ಯಾರೂ ಮುಟ್ಬಾರ್ದು. ನಾನು ಬರೋವರ್ಗೂ ಯಾರೂ ಮುಟ್ಬಾರ್ದು."

ಸ್ಕೂಟಿಯಲ್ಲಿ ಯಮುನಾಳ ಹಿಂದೆ ಕೂತ. ಕಾಮರಾಜ್ ರಸ್ತೆ ದಾಟುವವರೆಗೂ ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ನಾಳೆ ಸಾಬರನ್ನು ಆಟೋದಲ್ಲಿ ಕರೆತರುವುದು, ಬಾಲ್ಕನಿಯಲ್ಲಿ ಕುರ್ಚಿ ಹಾಕುವುದು. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಕಂಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಯಮುನಾ, ಅದಿಲ್ಲ."

"ಏನಿಲ್ಲ?"

"ಬಲಗಡೆ ನವಿಲು. ಇವತ್ತು ಬೆಳಿಗ್ಗೆ ಒಡೆದ್ರು. ನಾನೇ ಒಡೆಯೋಕೆ ಹೇಳಿದ್ದು. ನಿಮ್ಮ ಪರಿಚಯ ಆಗೋಕೆ ಮುಂಚೇನೇ ಸಹಿ ಹಾಕಿದ್ದೆ. ಇವತ್ತು ನಿಮ್ಮನ್ನ ಇಲ್ಲಿಗೆ ಕರ್ಕೊಂಡ್ ಬಂದಿದ್ದು... ನೀವು ಅದನ್ನ ನೋಡ್ಬಾರ್ದು ಅಂತ."

ಸ್ಕೂಟಿ ನಿಧಾನವಾಯಿತು. ಕೆರೆಯ ಕಂಬಿಬೇಲಿಯ ಪಕ್ಕಕ್ಕೆ ಬಂದು ನಿಂತಿತು. ಅವಳು ತಿರುಗಲಿಲ್ಲ. ಅವಳ ಬೆನ್ನು ನೆಟ್ಟಗೆ, ಗಟ್ಟಿಯಾಗಿತ್ತು. ಬಸ್ಸುಗಳು ಹೋದವು. ಅವನು ಇನ್ನೂ ಏನೇನೋ ಹೇಳಿದ. ತಪ್ಪಾಯ್ತು ಎಂದ. ಅವಳು ಮತ್ತೆ ಗಾಡಿ ಸ್ಟಾರ್ಟ್ ಮಾಡಿದಳು.

ಮನೆಯ ಮುಂದೆ ಫುಟ್‌ಪಾತಿನ ತುಂಬ ಸಿಮೆಂಟಿನ ಗರಿಗಳು ಬಿದ್ದಿದ್ದವು. ನೀಲಿ ಬಣ್ಣದ ಪದರದ ಕೆಳಗೆ ಹಸಿರು, ಅದರ ಕೆಳಗೆ ಹಳದಿ, ಒಂದೊಂದು ಯುಗಾದಿಗೆ ಒಂದೊಂದು ಪದರ. ಯಮುನಾ ಕೂತು, ಕೈಯಿಂದ ಚೂರುಗಳನ್ನು ಸರಿಸಿ, ಕತ್ತಿನ ತುಂಡನ್ನು ಹುಡುಕಿ ತೆಗೆದಳು. ಕೊಕ್ಕು ಹೋಗಿತ್ತು. ಅದನ್ನು ಅವನ ಕೈಗೆ ಕೊಟ್ಟಳು.

"ಸಾಬ್ರಿಗೆ ನೀವೇ ಹೇಳಿ," ಎಂದಳು. ಅವನ ಮುಖ ನೋಡಲಿಲ್ಲ. "ನಾನು ಬರೋಕಾಗಲ್ಲ."

ಮರುದಿನ ಅವನು ಒಬ್ಬನೇ ಹೋದ. ಟವೆಲಿನಲ್ಲಿ ಸುತ್ತಿದ್ದ ತುಂಡನ್ನು ಮುದುಕನ ತೊಡೆಯ ಮೇಲಿಟ್ಟ. ಮಂಜೂರ್ ಸಾಬರ ಬೆರಳುಗಳು ಅದರ ಮೇಲೆ ಹರಿದವು, ತಿರುವಿನಲ್ಲಿ ಬಂದು ನಿಂತವು.

"ಹೂಂ. ನಂದೇ." ಅದರ ಮೇಲಿಂದ ಕೈ ತೆಗೆಯದೆ ಕೇಳಿದರು. "ನಿನ್ನೆ ಇದೆ ಅಂದಾಗ, ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಸಾಬ್ರೇ."

"ಕುರುಡ, ಇವನಿಗೇನು ತಿಳಿಯುತ್ತೆ ಅಂತ ಹೇಳಿದ್ಯಾ? ಇಲ್ಲ, ಆ ಹುಡುಗಿ ಕೂತಿದ್ಲು ಅಂತ ಹೇಳಿದ್ಯಾ?"

ಕೆಂಪರಾಜನ ತಲೆ ತಗ್ಗಿತು. ಅದು ಅವರಿಗೆ ಕಾಣುವುದಿಲ್ಲ ಎಂದು ನೆನಪಾಗಿ ಇನ್ನಷ್ಟು ಕುಗ್ಗಿದ. "ಎರಡೂ."

ಮುದುಕ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಇದನ್ನ ಇಲ್ಲೇ ಬಿಟ್ಟು ಹೋಗು," ಎಂದರು. ಅವನು ಬಾಗಿಲು ದಾಟುವಾಗ ಮತ್ತೆ ಕರೆದರು. "ಆ ಗೋಡೆ ಈಗ ಬಾಯಿ ಬಿಟ್ಕೊಂಡಿರುತ್ತೆ. ನೀರು ಇಳಿದ್ರೆ ಎಡಗಡೇದೂ ಉಳಿಯಲ್ಲ. ಹೆಂಗೆ ಮುಚ್ಚೋದು ಅಂತ ಮುಂದಿನ ಶುಕ್ರವಾರ ನಮಾಜ್ ಆದ್ಮೇಲೆ ಬಾ, ಹೇಳ್ತೀನಿ."

ಕೆಂಪರಾಜ ಇನ್ನು ಒಡೆಯುವುದು ಬೇಡವೆಂದ. ಶೋರೂಮಿನವರು ಕೂಗಾಡಿ ಬೇರೆ ಕಡೆ ಜಾಗ ಹಿಡಿದರು. ಜಟ್ಟೆಮ್ಮ ಎರಡು ದಿನ ಮಗನ ಜೊತೆ ಮಾತು ಬಿಟ್ಟರು, ಮೂರನೆಯ ದಿನ, "ನಮ್ಮತ್ತೆ ಇದ್ದಿದ್ರೆ ನಿಂಗೆ ಮೊದಲೇ ಎರಡು ಬಾರಿಸ್ತಿದ್ರು," ಎಂದು ತಟ್ಟೆಗೆ ಮುದ್ದೆ ಹಾಕಿದರು. ಕೆಂಪರಾಜ ಶುಕ್ರವಾರ ಶುಕ್ರವಾರ ಶಿವಾಜಿನಗರಕ್ಕೆ ಹೋದ. ಮರಳು ಜರಡಿ ಹಿಡಿಯುವುದು, ಗಾರೆ ಕಲಸುವುದು, ಗಾರೆ ಎಳೆಯುವ ಕರಣೆಯನ್ನು ಹಿಡಿಯುವುದು ಕಲಿತ. ಯಮುನಾಗೆ ಫೋನ್ ಮಾಡಲು ಎಷ್ಟೋ ಸಲ ನಂಬರ್ ಒತ್ತಿ ಕತ್ತರಿಸಿದ. ಅವಳಿಗೆ ತನ್ನ ಮುಖ ನೋಡಲೂ ಅಸಹ್ಯವಾಗಿರಬೇಕು ಎಂದುಕೊಂಡ.

ಐದು ವಾರ ಕಳೆದವು. ಒಂದು ಮಧ್ಯಾಹ್ನ ಅವನು ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ನಿಂತು ಗೋಡೆಗೆ ಗಾರೆ ಎಳೆಯುತ್ತಿದ್ದಾಗ, "ಯಮುನಾ ಅಂತೆ, ಬಂದಿದ್ದಾಳೆ," ಎಂದರು ಜಟ್ಟೆಮ್ಮ, ಅವಳನ್ನು ಹಿಂದೆಯೇ ಕರೆತಂದು. ಆಮೇಲೆ ಕಾಫಿಯ ನೆಪ ಹೇಳಿ ಒಳಗೆ ಹೋದರು.

ಅವಳು ಸೊರಗಿದ್ದಳು. ಕೈಯಲ್ಲಿ ಸುರುಳಿ ಸುತ್ತಿದ ಕಾಗದವಿತ್ತು. ಅದನ್ನು ಬಾಲ್ಕನಿಯ ಕಟ್ಟೆಯ ಮೇಲೆ ಬಿಚ್ಚಿ, ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.

ಅದು ಅವನ ಮನೆಯ ನಕ್ಷೆ. ಗಾಜಿನ ಮುಖದ ನಕ್ಷೆ. ನವಿಲುಗಳಿದ್ದ ಜಾಗದಲ್ಲಿ ಎರಡು ಅಡ್ಡಗೆರೆ, ಪಕ್ಕದಲ್ಲಿ ಮುದ್ದಾದ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು, ಈಗಿರುವ ಅಲಂಕಾರವನ್ನು ತೆಗೆದುಹಾಕತಕ್ಕದ್ದು. ಮೂಲೆಯಲ್ಲಿ ಬರೆದವರ ಹೆಸರು, ಯಮುನಾ ಆರ್.

ಕೆಂಪರಾಜ ಸ್ಟೂಲಿನಿಂದ ಇಳಿದ.

"ಮೊದಲ್ನೇ ದಿನ ನಾನು ಅಳತೆ ತಗೊಳ್ಳೋಕೆ ಬಂದಿದ್ದೆ," ಎಂದಳು. "ಶೋರೂಮಿನ ಕೆಲಸ ನಮ್ಮ ಆಫೀಸಿಗೇ ಬಂದಿತ್ತು. ಅಳತೆ ಮುಗಿಸಿ ತಲೆ ಎತ್ತಿದೆ, ಅದು ಕಾಣಿಸ್ತು. ಎರಡು, ಮೂರ್ನೇ ದಿನ ಅದಕ್ಕೋಸ್ಕರಾನೇ ಬಂದೆ. ನೀವು ಕೆಳಗಿಳಿದು ಬಂದಾಗ ನಿಜ ಹೇಳ್ಬೇಕಿತ್ತು. ಹೇಳ್ಲಿಲ್ಲ. ಆಫೀಸಿಗೆ ಹೋಗಿ ಇದನ್ನ ಬರ್ದೆ. ನನ್ನ ಕೈಯಲ್ಲೇ ಆ ಸಾಲು ಬರ್ದೆ."

"ಅಂದ್ರೆ... ಕೆರೆ ಹತ್ರ ಕೇಳಿದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಗುರುವಾರ ಅಂತ ಮಾತ್ರ ಗೊತ್ತಿರ್ಲಿಲ್ಲ. ನೀವೇ ಹೇಳಿದ್ರೆ ನಾನೂ ಹೇಳ್ತೀನಿ ಅಂದ್ಕೊಂಡೆ. ಇದನ್ನೆಲ್ಲ ತೋರಿಸಿದ್ರೆ ನೀವೇ ಬೇಡ ಅಂತೀರಾ, ನನ್ನ ಕೆಲಸಾನೂ ಉಳಿಯುತ್ತೆ, ನವಿಲೂ ಉಳಿಯುತ್ತೆ ಅಂದ್ಕೊಂಡೆ. ನಿಮ್ಮನ್ನ ಸುತ್ತಿಸಿದ್ದೂ ಅದಕ್ಕೇ." ಅವಳು ನಕ್ಷೆಯತ್ತ ನೋಡಿದಳು. "ಮೊದಲ್ನೇ ಭಾನುವಾರ ಅದಕ್ಕೆ. ಆಮೇಲೆ ಅದಕ್ಕಲ್ಲ."

ಗಾಳಿಗೆ ಕಾಗದದ ಅಂಚು ಪಟಪಟ ಬಡಿಯಿತು. ಅವನು ಗಾರೆ ಮೆತ್ತಿದ ಕೈಯನ್ನೇ ಅದರ ಮೇಲಿಟ್ಟು ಹಿಡಿದ.

"ನೀವು ಸ್ಕೂಟಿ ಮೇಲೆ ಎಲ್ಲಾ ಹೇಳಿಬಿಟ್ರಿ. ನಂಗೆ ತಿರುಗಿ ನೋಡೋ ಧೈರ್ಯ ಬರ್ಲಿಲ್ಲ. ನೀವು ತಪ್ಪಾಯ್ತು ತಪ್ಪಾಯ್ತು ಅಂತಿದ್ರೆ ನಾನು ಒಳ್ಳೇವಳ ಥರ ಬೆನ್ನು ಮಾಡ್ಕೊಂಡು ಕೂತಿದ್ದೆ. ಆ ಐದು ನಿಮಿಷ ನೆನಪಾದ್ರೆ ನಂಗೆ ಈಗ್ಲೂ..." ಮುಖ ಮುಚ್ಚಿಕೊಂಡಳು. "ನಿಮ್ಮ ಮೇಲೆ ಕೋಪ ಇದ್ದಿದ್ರೆ ಎರಡೇ ದಿನಕ್ಕೆ ಬಂದು ಜಗಳ ಆಡ್ತಿದ್ದೆ, ಕೆಂಪರಾಜ್."

ಅವನಿಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಐದು ವಾರ ಒಬ್ಬನೇ ಹೊತ್ತಿದ್ದದ್ದನ್ನು ಇನ್ನೊಬ್ಬಳೂ, ಎರಡು ಮೈಲಿ ಆಚೆ, ಅಷ್ಟೇ ಒಂಟಿಯಾಗಿ ಹೊತ್ತಿದ್ದಳು.

"ನಂಗೆ ಸುಳ್ಳು ಹೇಳೋಕೆ ಬರುತ್ತೆ ಅಂತ ನಿಂಗೆ ಗೊತ್ತಾಯ್ತು," ಎಂದ. ಏಕವಚನ ತಾನಾಗಿ ಬಂದಿತ್ತು. "ನಿಂಗೆ ಬರುತ್ತೆ ಅಂತ ನಂಗೆ ಗೊತ್ತಾಯ್ತು. ಆದ್ರೂ ನೀನು ಈ ಬಾಗಿಲಲ್ಲಿ ಬಂದು ನಿಂತಾಗ ನಂಗೆ ಆದ ಖುಷಿ ಸುಳ್ಳಲ್ಲ ಯಮುನಾ. ನಂಗೆ ನೀನು ಬೇಕು."

ಅವಳು ಕೈ ಸರಿಸಿ ನೋಡಿದಳು. ಕಣ್ಣು ಕೆಂಪಾಗಿತ್ತು. "ನಂಗೂ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಆದ್ರೆ ಮೊದಲು ಸಾಬ್ರ ಹತ್ರ ಹೋಗ್ಬೇಕು. ನೀನು ನಿನ್ನ ಪಾಲು ಹೇಳಿದ್ದೀಯಾ. ನಂದು ಬಾಕಿ ಇದೆ."

ಆ ಶುಕ್ರವಾರ ಅವಳು ಚಾಪೆಯ ತುದಿಯಲ್ಲಿ ಕೂತು, ಒಂದೂ ಬಿಡದೆ, ಎಲ್ಲ ಹೇಳಿದಳು. ಮಂಜೂರ್ ಸಾಬರು ಕಿವಿಯನ್ನು ಅವಳ ಕಡೆಗಿಟ್ಟು ಕೇಳಿದರು.

"ಅಂದ್ರೆ ಅವತ್ತು," ಎಂದರು ಮುದುಕ ನಿಧಾನವಾಗಿ, "ಇಲ್ಲಿ ಮೂರು ಜನ ಕೂತಿದ್ವಿ. ನಿಜ ಹೇಳ್ದೋನು ನಾನೊಬ್ನೇ."

"ಹೌದು ಸಾಬ್ರೇ," ಎಂದಳು ಯಮುನಾ, ನೆಲ ನೋಡುತ್ತ.

"ಒಬ್ಳು ಬರ್ದು ಒಡೆಸಿದ್ಲು. ಒಬ್ಬ ಏಣಿ ಕೊಟ್ಟು ಒಡೆಸ್ದ. ಆಮೇಲೆ ಇಬ್ರೂ ಬಂದು ಕುರುಡನ ಮುಂದೆ ಅಳ್ತೀರಾ." ಅವರು ತಲೆಯಾಡಿಸಿದರು. ಅವರ ಗಡ್ಡ ಅಲುಗುತ್ತಿತ್ತು, ಸಿಟ್ಟಿನಿಂದಲೋ ನಗುವಿನಿಂದಲೋ ತಿಳಿಯಲಿಲ್ಲ. "ಬೇಗ ಮದ್ವೆ ಮಾಡ್ಕೊಳ್ಳಿ. ನಿಮ್ಮನ್ನ ಬೇರೆ ಯಾರೂ ನಂಬಲ್ಲ."

ಬಾಗಿಲಿನಾಚೆ ನಿಂತಿದ್ದ ಸಾಮಿಯಾ ಕಿಸಕ್ಕೆಂದಳು. ಯಮುನಾ ಅಳುತ್ತಲೇ ನಕ್ಕಳು. ಕೆಂಪರಾಜನಿಗೆ ನಗಲು ಆಗಲಿಲ್ಲ, ಮುದುಕನ ಪಾದ ಮುಟ್ಟಿದ. ಮಂಜೂರ್ ಸಾಬರು ಅವನ ಕೈಯನ್ನೆತ್ತಿ, ಅಂಗೈಯಲ್ಲಿ ಹೊಸದಾಗಿ ಎದ್ದಿದ್ದ ಬೊಬ್ಬೆಗಳನ್ನು ಹೆಬ್ಬೆರಳಿನಿಂದ ಸವರಿ ಬಿಟ್ಟರು.

ಇಳಿಯುವ ಮೆಟ್ಟಿಲು ಇಕ್ಕಟ್ಟು. ಇಬ್ಬರು ಜೊತೆಯಾಗಿ ಇಳಿಯಲಾಗದು. ಯಮುನಾ ಮುಂದೆ ಹೋಗಿ, ನಾಲ್ಕನೆಯ ಮೆಟ್ಟಿಲಲ್ಲಿ ನಿಂತಳು, ಹಿಂದಕ್ಕೆ ಕೈ ಚಾಚಿದಳು. ಅವನು ಹಿಡಿದುಕೊಂಡ.

"ಇನ್ನೂ ನಾಚ್ಕೆ ಆಗ್ತಿದೆ," ಎಂದಳು.

"ನಂಗೂ," ಎಂದ ಕೆಂಪರಾಜ.

ಕೆಳಗೆ ಮಾರ್ಕೆಟ್ಟಿನ ಗದ್ದಲ ಕೇಳುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ, ಕೈ ಬಿಡದೆ, ನಿಂತರು.